ತಗ್ಗು ಬೀದಿಯ ಮೇಲಿನ ಅಳತೆ ಬಾವಿ

ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದವರು ಹಲವರಿದ್ದರೂ ಬೈರಿಗೆ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಅವನೊಬ್ಬನಿಗೇ. ಎಂಥ ಗಟ್ಟಿ ಬಂಡೆಯಲ್ಲೂ ಉಕ್ಕಿನ ತುದಿ ವಾಲದಂತೆ, ನೂಲು ಹಿಡಿದು ಇಳಿಸಿದಷ್ಟು ನೇರವಾಗಿ ಇಳಿಸುವ ಕೈ ಅವನದು ಎಂಬುದು ಅದಕ್ಕೆ ಒಂದು ಕಾರಣ. ಹಿಡಿದ ಮಾತನ್ನು ಬಿಡದೆ ಎದುರಿಗಿದ್ದವರ ತಲೆ ಕೊರೆಯುತ್ತಾನೆಂಬುದು ಇನ್ನೊಂದು. ಹೆಂಡತಿಗೆ ಎರಡನೆಯ ಕಾರಣದ ಮೇಲೆಯೇ ಹೆಚ್ಚು ನಂಬಿಕೆ.

ಗಣಿ ಮುಚ್ಚಿ ವರ್ಷಗಳಾಗಿದ್ದವು. ಹೊಂಡಕ್ಕೆ ಅದರದೇ ಕಲ್ಲುಮಣ್ಣನ್ನು ತುಂಬಿ, ಮೇಲೆ ಒಳ್ಳೆಯ ಮಣ್ಣು ಹರಡಿ, ಹುಲ್ಲು ಬೆಳೆಸಿದ್ದರು. ದೂರದಿಂದ ನೋಡಿದವರಿಗೆ ಅದೊಂದು ಹಸಿರು ದಿಬ್ಬ, ಅಷ್ಟೆ. ಆದರೆ ಗಣಿ ನಡೆಯುವಷ್ಟು ಕಾಲ ಹಗಲಿರುಳು ನೀರನ್ನು ಹೊರಗೆ ಎತ್ತಿ ಚೆಲ್ಲುತ್ತಿದ್ದ ಪಂಪುಗಳು ನಿಂತಮೇಲೆ, ನೆಲದೊಳಗಿನ ನೀರು ತಾನು ತೆರವು ಮಾಡಿದ್ದ ಜಾಗಕ್ಕೆ ಮೆಲ್ಲನೆ ಹಿಂದಿರುಗುತ್ತಿತ್ತು. ಒಡೆದ ಬಂಡೆಗಳ ಸಂದಿಯಲ್ಲಿ ನುಸುಳುವ ಆ ನೀರು ಬರುಬರುತ್ತ ಹುಳಿಯಾಗುತ್ತದೆ. ಕಬ್ಬಿಣವನ್ನೂ ಕಬ್ಬಿಣಕ್ಕಿಂತ ಕೆಟ್ಟದ್ದನ್ನೂ ಕರಗಿಸಿಕೊಳ್ಳುತ್ತದೆ. ಅದು ಎಷ್ಟು ಮೇಲೆ ಬಂದಿದೆ, ಎಷ್ಟು ಕೆಟ್ಟಿದೆ ಎಂದು ನೋಡಿಕೊಳ್ಳಲು ದಿಬ್ಬದ ಸುತ್ತ ಅಳತೆ ಬಾವಿಗಳನ್ನು ಕೊರೆಸಿದ್ದರು. ಬಾವಿಯೆಂಬುದು ಹೆಸರಿಗೆ ಮಾತ್ರ: ಅಂಗೈ ಅಗಲದ ಕೊಳವೆ, ಅದರ ಮೇಲೆ ಬೀಗ ಹಾಕಿದ ಕಬ್ಬಿಣದ ಮುಚ್ಚಳ. ದಿಬ್ಬದ ಮೇಲ್ಭಾಗದ ಬಾವಿಗಳಿಗೆ ತಾವೇ ಅಂಕಿ ಕಳಿಸುವ ಯಂತ್ರಗಳನ್ನು ಕೂರಿಸಿದ್ದರು. ಕೆಳಗಿನ ಬಾವಿಗಳನ್ನು ಬೈರಿಗೆ ಕೈಯಿಂದಲೇ ಅಳೆಯುತ್ತಿದ್ದ.

ಕೆಲಸ ನೋಡಲು ಸುಲಭ. ತಿಂಗಳಿಗೊಮ್ಮೆ ಜೀಪಿನಲ್ಲಿ ಬಾವಿಯಿಂದ ಬಾವಿಗೆ ಹೋಗಿ, ಬೀಗ ತೆಗೆದು, ರಾಟೆಗೆ ಸುತ್ತಿದ ಟೇಪನ್ನು ಕೊಳವೆಯೊಳಗೆ ಇಳಿಸಬೇಕು. ಟೇಪಿನ ಕೊನೆಗೆ ಬೆರಳುದ್ದದ ಉಕ್ಕಿನ ತುದಿ. ಅದು ನೀರು ಮುಟ್ಟಿದ ಕೂಡಲೆ ರಾಟೆಯೊಳಗಿನ ಪುಟ್ಟ ಪೆಟ್ಟಿಗೆ ಕೀಂ ಎಂದು ಕೂಗುತ್ತದೆ, ಕೆಂಪು ದೀಪವೊಂದು ಹತ್ತುತ್ತದೆ. ಕೂಗಿದಲ್ಲಿಗೆ ನಿಲ್ಲಿಸಿ, ಕೊಳವೆಯ ಬಾಯಿಗೆ ತಾಗಿದ ಅಂಕಿಯನ್ನು ಓದಿ ಬರೆದುಕೊಂಡರೆ ನೀರಿನ ಮಟ್ಟ ಸಿಕ್ಕಿತು. ಬಾಯಿಯಿಂದ ನೀರು ಎಷ್ಟು ಆಳದಲ್ಲಿದೆಯೆಂಬ ಲೆಕ್ಕ ಅದು; ಅಂಕಿ ಸಣ್ಣದಾದಷ್ಟೂ ನೀರು ಮೇಲೆ ಬಂದಂತೆ. ಬಳಿಕ ಕೊಳವೆಯಲ್ಲಿ ನಿಂತು ಹಳಸಿದ ನೀರನ್ನು ಪಂಪಿನಿಂದ ಹೊರಚೆಲ್ಲಿ, ಹೊಸ ನೀರು ಬಂದಮೇಲೆ ಸೀಸೆ ತುಂಬಿ, ಹುಳಿ ಅಳೆಯುವ ಮೀಟರನ್ನು ಅದ್ದಿ ನೋಡಬೇಕು. ಬೈರಿಗೆ ಇದನ್ನೆಲ್ಲ ಅವಸರವಿಲ್ಲದೆ, ಒಂದು ಬಗೆಯ ಗತ್ತಿನಿಂದ ಮಾಡುತ್ತಿದ್ದ. ನೆಲಕ್ಕೆ ತೂತು ಹೊಡೆದವನೇ ಈಗ ಅದರ ನಾಡಿ ಹಿಡಿದು ನೋಡುತ್ತಿದ್ದಾನೆಂದು ಜೀಪಿನ ಡ್ರೈವರ್ ತಮಾಷೆ ಮಾಡುತ್ತಿದ್ದ.

ಕೆಳಗಿನ ಬಾವಿಗಳಲ್ಲಿ ಒಂದು ತಗ್ಗು ಬೀದಿಯ ನೆತ್ತಿಯ ಮೇಲೇ ಇತ್ತು. ಇಳಿಜಾರಿನಲ್ಲಿ ನಿಂತು ನೋಡಿದರೆ ಕೆಳಗೆ ಸಾಲಾಗಿ ತಗಡಿನ ಮಾಡುಗಳು. ಅವುಗಳ ಕೊನೆಯಲ್ಲಿ ಗಣಿಯ ಹಳೆಯ ಉಗ್ರಾಣ, ರಸ್ತೆಯಿಂದ ಕೆಲವು ಮೆಟ್ಟಿಲು ಇಳಿದು ಹೋಗಬೇಕಾದ, ಅರ್ಧ ನೆಲದೊಳಗೆ ಹೂತ ಕಟ್ಟಡ. ಬೈರಿಗೆಯ ಮಗಳು ಅಲ್ಲಿ ಶಿಶುಮನೆ ನಡೆಸುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ಬಿಟ್ಟುಹೋಗಿ ಸಂಜೆ ಕರೆದೊಯ್ಯುತ್ತಿದ್ದರು. ಬೇಸಿಗೆಯಲ್ಲೂ ತಂಪಾಗಿರುವ ಆ ಹಜಾರದಲ್ಲಿ ಗೋಡೆಗೆ ಒತ್ತಿದಂತೆ ಪುಟ್ಟ ಹಾಸಿಗೆಗಳು, ನಡುವೆ ಬಣ್ಣದ ಚಾಪೆ. ತನ್ನ ಬಾವಿಯಲ್ಲಿ ನೀರು ಹತ್ತು ಮೀಟರಿಗಿಂತ ಮೇಲೆ ಬಂದರೆ ತಗ್ಗು ಬೀದಿಗೆ ಎಚ್ಚರಿಕೆ ಕೊಡಬೇಕು, ದಿಬ್ಬದ ಪಂಪನ್ನು ಮತ್ತೆ ಹಾಕಬೇಕು ಎಂಬುದು ಬೈರಿಗೆಗೆ ಬಾಯಿಪಾಠವಾಗಿತ್ತು. ಇನ್ನೂ ನಾಲ್ಕು ಮೀಟರು ಏರಿದರೆ ಆ ಹಜಾರದ ನೆಲದ ಸಮಕ್ಕೆ ಬಂದಂತೆ. ಆದರೆ ಅವನ ಅಂಕಿ ಬಹುಕಾಲದಿಂದ ಹದಿನಾಲ್ಕರ ಆಸುಪಾಸಿನಲ್ಲೇ ನಿಂತಿತ್ತು.

ನೀರಿನ ಲೆಕ್ಕ ನೋಡುವ ಅಧಿಕಾರಿಗೆ ಮಗಳಷ್ಟೇ ವಯಸ್ಸು, ಎಲ್ಲರಿಗೂ ಮೇಡಂ. ಮೇಲಿನ ಬಾವಿಗಳಲ್ಲಿ ನೀರು ಏರುತ್ತಿರುವಾಗ ಕೆಳಗಿನದು ಇಷ್ಟು ಸ್ಥಿರವಾಗಿರುವುದು ಅವರಿಗೆ ಮೊದಮೊದಲು ಸಂತೋಷ ಕೊಟ್ಟಿತ್ತು. ನಡುವೆ ಎಲ್ಲೋ ಗಟ್ಟಿ ಬಂಡೆಯ ಗೋಡೆ ನೀರನ್ನು ತಡೆದಿರಬೇಕೆಂದು ಊಹಿಸಿ, ನಕ್ಷೆಯಲ್ಲಿ ಅದಕ್ಕೊಂದು ಗೆರೆಯನ್ನೂ ಎಳೆದಿದ್ದರು. ಯಜಮಾನರ ಬಾವಿಗೆ ಯಜಮಾನರಷ್ಟೇ ಶಿಸ್ತು ಎಂದು ಒಮ್ಮೆ ಎಲ್ಲರೆದುರು ಅವನನ್ನು ತೋರಿಸಿ ಹೇಳಿದಾಗ ಬೈರಿಗೆ ಆ ಮಾತನ್ನು ಮನೆಯವರೆಗೆ ಹೊತ್ತುಕೊಂಡು ಬಂದು ಹೆಂಡತಿಗೆ ಒಪ್ಪಿಸಿದ್ದ.

ಇತ್ತೀಚೆಗೆ ಮೇಡಂ ಮುಖದಲ್ಲಿ ಆ ಸಂತೋಷವಿರಲಿಲ್ಲ. ತಗ್ಗು ಬೀದಿಯ ಬಾವಿಯ ನೀರು ಹುಳಿಯಾಗುತ್ತಿತ್ತು. ಮಟ್ಟ ಏರದೆ ಹುಳಿ ಏರುವುದು ಹೇಗೆ? ಅವರು ಮೀಟರಿನ ಮೇಲೆ ಅನುಮಾನಪಟ್ಟು ಅದನ್ನು ಬದಲಿಸಿದರು. ಹೊಸ ಮೀಟರೂ ಅದನ್ನೇ ಹೇಳಿತು. ಸೀಸೆಗಳನ್ನು ಸರಿಯಾಗಿ ತೊಳೆದಿಲ್ಲವೆಂದು ಪ್ರಯೋಗಾಲಯದವರನ್ನು ತರಾಟೆಗೆ ತೆಗೆದುಕೊಂಡರು. ಯಂತ್ರದ ಮೇಲೆ, ಸೀಸೆಯ ಮೇಲೆ, ಪ್ರಯೋಗಾಲಯದ ಮೇಲೆ ಅನುಮಾನಪಟ್ಟವರು ಬೈರಿಗೆಯ ಅಂಕಿಯ ಮೇಲೆ ಮಾತ್ರ ಪಡಲಿಲ್ಲ. ಆ ನಂಬಿಕೆಯೇ ಅವನಿಗೆ ಭಾರವಾಗತೊಡಗಿತು.

ಏಕೆಂದರೆ ಟೇಪನ್ನು ಮೇಲೆಳೆಯುವಾಗ ಒರೆಸುವ ಬಟ್ಟೆ ಬರಬರುತ್ತ ಹೆಚ್ಚು ನೆನೆಯುತ್ತಿರುವುದನ್ನು ಅವನು ಗಮನಿಸಿದ್ದ. ತುದಿಯೊಂದು ನೀರು ಮುಟ್ಟಿ ಬಂದರೆ ತುದಿಯಷ್ಟೇ ಒದ್ದೆಯಾಗಬೇಕು. ಈಗ ಕೆಲವು ಮಾರುದ್ದದ ಟೇಪು ತೊಟ್ಟಿಕ್ಕುತ್ತ ಬರುತ್ತಿತ್ತು. ಕೊಳವೆ ಒಳಗೆ ಬೆವರುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಇನ್ನೊಂದೆಡೆ ಮಗಳು ಗೋಡೆಗಳ ಬುಡ ಒದ್ದೆಯಾಗಿದೆ, ಸುಣ್ಣ ಕೆಂಪಗೆ ಉಬ್ಬಿ ಉದುರುತ್ತಿದೆ ಎಂದು ಹೇಳುತ್ತಲೇ ಇದ್ದಳು. ನೀರು ಇನ್ನೂ ಎಷ್ಟೋ ಕೆಳಗಿದೆ, ನಾನೇ ಅಳೆದಿದ್ದೇನೆ, ಎಲ್ಲೋ ನಲ್ಲಿ ಪೈಪು ಸೋರುತ್ತಿರಬೇಕು ಎಂದು ಅವನು ಸಮಾಧಾನ ಹೇಳಿದ್ದ. ಅಪ್ಪನ ಮಾತು ನಂಬಿ ಅವಳು ಪೈಪು ಹಾಯ್ದಿರುವ ಗೋಡೆಯಿಂದ ಎದುರಿನ ಗೋಡೆಗೆ, ಅಂದರೆ ದಿಬ್ಬದ ಕಡೆಯ ಗೋಡೆಗೆ, ಹಾಸಿಗೆಗಳನ್ನು ಸರಿಸಿದ್ದಳು.

ಕಿವಿಯ ವಿಷಯ ಅವನಿಗೆ ತಿಳಿಯದ್ದೇನಲ್ಲ. ಯೌವನವಿಡೀ ಕೊರೆಯುವ ಯಂತ್ರಕ್ಕೆ ಎದೆಯೊಡ್ಡಿ ನಿಂತವರ ಕಿವಿಯೊಳಗೆ ಒಂದು ಜೀರುಂಡೆ ಮನೆಮಾಡುತ್ತದೆ. ಅದರ ಕೂಗು ನಿಲ್ಲುವುದಿಲ್ಲ. ಗಣಿಯ ದಿನಗಳಲ್ಲಿ ಕಿವಿ ಪರೀಕ್ಷೆ ನಡೆಯುತ್ತಿತ್ತು. ಶಬ್ದ ಕೇಳಿದಾಗ ಗುಂಡಿ ಒತ್ತಬೇಕು. ನರ್ಸಮ್ಮ ಶಬ್ದ ಬಿಡುವಾಗ ಅವಳ ಹೆಗಲು ತುಸು ಅಲುಗುತ್ತದೆಂದು ಕೊರೆಯುವವರೆಲ್ಲ ಕಂಡುಕೊಂಡಿದ್ದರು. ಹೆಗಲು ನೋಡಿಯೇ ಗುಂಡಿ ಒತ್ತಿ ಎಲ್ಲರೂ ಪಾಸಾಗುತ್ತಿದ್ದರು. ಅದೊಂದು ದೊಡ್ಡ ನಗೆಯ ವಿಷಯವಾಗಿತ್ತು. ಆಮೇಲಾಮೇಲೆ ಬೈರಿಗೆ ಮನುಷ್ಯರ ಮಾತನ್ನೂ ಹಾಗೆಯೇ, ತುಟಿ ನೋಡಿ, ಅರ್ಧ ಕೇಳಿ ಅರ್ಧ ಊಹಿಸಿ ನಿಭಾಯಿಸುತ್ತಿದ್ದ. ಆದರೆ ಟೇಪಿನ ಕೂಗು ತನಗೆ ಕೇಳುತ್ತದೆ ಎಂಬುದರಲ್ಲಿ ಅವನಿಗೆ ಎಂದೂ ಸಂಶಯ ಬಂದಿರಲಿಲ್ಲ. ಕಿವಿಗೊಟ್ಟಾಗಲೆಲ್ಲ ಅದು ಕೇಳಿತ್ತು.

ಮುಂದಿನ ಅಳತೆಯ ಹಿಂದಿನ ಸಂಜೆ, ಬ್ಯಾಟರಿ ಬದಲಿಸುವ ನೆಪ ಹೇಳಿ ಅವನು ರಾಟೆಯನ್ನು ಮನೆಗೆ ತಂದ. ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ನೀರು ತುಂಬಿ, ಬಾಗಿಲು ಮುಂದೆ ಮಾಡಿ, ಕುಕ್ಕರುಗಾಲಲ್ಲಿ ಕುಳಿತು ತುದಿಯನ್ನು ಅದ್ದಿದ. ಕತ್ತಲಲ್ಲಿ ಕೆಂಪು ದೀಪ ಹತ್ತಿತು. ಬಿಸಿಲಲ್ಲಿ ಎಂದೂ ಕಾಣದಿದ್ದ ದೀಪ, ಗೀಚುಬಿದ್ದ ಗಾಜಿನ ಹಿಂದೆ ಚೆನ್ನಾಗಿಯೇ ಉರಿಯುತ್ತಿತ್ತು. ಕೂಗೂ ಕೇಳಿತು: ತೆಳ್ಳಗೆ, ಎಡೆಬಿಡದೆ. ಅವನು ನಿಟ್ಟುಸಿರು ಬಿಟ್ಟು ತುದಿಯನ್ನು ಎತ್ತಿದ. ದೀಪ ಆರಿತು. ಕೂಗು ನಿಲ್ಲಲಿಲ್ಲ.

ಮತ್ತೆ ಅದ್ದಿದ, ಎತ್ತಿದ. ದೀಪ ಹತ್ತುತ್ತಿತ್ತು, ಆರುತ್ತಿತ್ತು. ಕಿವಿಯಲ್ಲಿನ ಕೀಂ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಬಾಗಿಲು ತೆರೆಯಿತು. ಸೊಂಟದ ಮೇಲೆ ಕೈಯಿಟ್ಟು ಹೆಂಡತಿ ನಿಂತಿದ್ದಳು.

"ಆಗ್ಲಿಂದ ಅದೇನ್ರೀ ಅದು, ಕೂಗುತ್ತೆ, ನಿಲ್ಲುತ್ತೆ, ಕೂಗುತ್ತೆ? ತಲೆ ಸಿಡೀತಿದೆ ನಂಗೆ."

ಅವನು ಅವಳ ಮುಖ ನೋಡುತ್ತಲೇ ತುದಿಯನ್ನು ನೀರಿಗೆ ಇಳಿಸಿದ. ಅವಳ ಹುಬ್ಬು ಗಂಟಿಕ್ಕಿತು. ಎತ್ತಿದ; ಹುಬ್ಬು ಸಡಿಲಾಯಿತು. ಕಿವಿ ಪರೀಕ್ಷೆಯ ಯಾವ ಕಾಗದವೂ ಅಷ್ಟು ಸ್ಪಷ್ಟವಾಗಿ ಹೇಳುವಂತಿರಲಿಲ್ಲ. ಅವನು ಏಕೆ ತನ್ನ ಮುಖವನ್ನೇ ನೋಡುತ್ತಿದ್ದಾನೆಂದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಹೊಸ್ತಿಲ ಮೇಲೆಯೇ ಕುಳಿತಳು.

"ಇಷ್ಟು ವರ್ಷ ನನ್ನ ಮಾತು ಕಿವಿ ಮೇಲೆ ಹಾಕ್ಕೊಳ್ಳಲ್ಲ ಅಂತ ಬೈತಿದ್ದೆ," ಎಂದಳು. "ಕಿವಿಗೇ ಬೀಳಲ್ಲ ಅಂತ ಯಾಕೆ ಹೇಳ್ಲಿಲ್ಲ ನೀವು?"

ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಆದದ್ದೇನೆಂದು ಈಗ ಅವನಿಗೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಹೋದ ತಿಂಗಳು ಹದಿನಾಲ್ಕಕ್ಕೆ ಕೂಗಿತ್ತು. ಹಾಗಾಗಿ ಈ ತಿಂಗಳು ಹದಿನಾಲ್ಕರ ಹತ್ತಿರ ಬರುವವರೆಗೆ ಸರಸರನೆ ಇಳಿಸಿ, ಅಲ್ಲಿ ಕೈ ತಡೆದು, ತಲೆ ಬಾಗಿಸಿ ಕಿವಿಗೊಡುತ್ತಿದ್ದ. ಕಿವಿಗೊಟ್ಟರೆ ಒಳಗಿನ ಜೀರುಂಡೆ ಅಲ್ಲಿ ಸಿದ್ಧವಾಗಿಯೇ ಇತ್ತು. ರಾಟೆ ಅಷ್ಟು ಹೊತ್ತಿಗಾಗಲೇ, ತುದಿ ಎಲ್ಲೋ ಮೇಲೆಯೇ ನೀರಿಗೆ ಬಿದ್ದಾಗಿನಿಂದ, ಅವನ ಕೈಯಲ್ಲೇ ಬೊಬ್ಬಿಡುತ್ತಿದ್ದಿರಬೇಕು. ಡ್ರೈವರ್ ಪ್ರತಿಸಲವೂ ಜೀಪಿನಲ್ಲಿ ಕುಳಿತು ಹಾಡು ಹಾಕಿಕೊಳ್ಳುತ್ತಿದ್ದ.

ಅದಕ್ಕಿಂತ ನಾಚಿಕೆಯ ಇನ್ನೊಂದು ಯೋಚನೆಯೂ ಬಂತು. ದೀಪವಂತೂ ಉರಿಯುತ್ತದೆ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ದೀಪ ನೋಡಿ ಅಳೆದರೆ ಯಾರಿಗೂ ತಿಳಿಯುವುದಿಲ್ಲ. ನಿಜವಾದ ಮಟ್ಟ ಎಷ್ಟೇ ಇರಲಿ, ತಿಂಗಳಿಗಿಷ್ಟು ತಿಂಗಳಿಗಿಷ್ಟು ಎಂದು ಕಾಗದದ ಮೇಲೆ ನೀರನ್ನು ನಿಧಾನವಾಗಿ ಏರಿಸಿದರೆ ಎಲ್ಲವೂ ಸರಿಹೋಗುತ್ತದೆ. ಈ ದಾರಿ ಅವನಿಗೆ ಸ್ವಲ್ಪ ಹೊತ್ತು ಸಮಾಧಾನ ಕೊಟ್ಟಿತು. ಆಮೇಲೆ ದಿಬ್ಬದ ಕಡೆಯ ಗೋಡೆಗೆ ಒತ್ತಿಕೊಂಡ ಹಾಸಿಗೆಗಳು ನೆನಪಾದವು.

ಬೆಳಿಗ್ಗೆ ತಗ್ಗು ಬೀದಿಯ ಬಾವಿಯ ಬಳಿ ಜೀಪು ನಿಂತಾಗ ಅವನು ಡ್ರೈವರನನ್ನು ಕೆಳಗಿಳಿಯಲು ಕರೆದ. ಎಂದೂ ಕರೆಯದವನು ಕರೆದದ್ದರಿಂದ ಡ್ರೈವರನಿಗೆ ಅಚ್ಚರಿ. ಏನಣ್ಣ, ಇವತ್ತು ನನಗೂ ತೂತು ಹೊಡೆಯೋದು ಕಲಿಸ್ತೀರಾ ಎಂದು ನಗುತ್ತ ಬಂದ. ಟೇಪು ಕೂಗಿದ ತಕ್ಷಣ ಹೇಳು, ನನ್ನ ಮುಖ ನೋಡಬೇಡ ಎಂದಷ್ಟೇ ಬೈರಿಗೆ ಹೇಳಿದ. ಟೇಪು ಇಳಿಯತೊಡಗಿತು. ಡ್ರೈವರ್ ಯಾವುದೋ ಹಾಡಿನ ಸಾಲನ್ನು ಮೂಗಿನಲ್ಲಿ ಎಳೆಯುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಕೂಗ್ತಲ್ಲ."

ಬೈರಿಗೆಯ ಕೈ ಇನ್ನೂ ಇಳಿಸುತ್ತಲೇ ಇತ್ತು.

"ಬೈರಿಗೆಯಣ್ಣ, ಕೂಗ್ತು ಅಂದ್ನಲ್ಲ. ಆಗಲೇ ಕೂಗ್ತು. ಇನ್ನೂ ಕೂಗ್ತಾನೇ ಇದೆ."

ಅವನು ಟೇಪನ್ನು ಹಿಂದಕ್ಕೆಳೆದು ಮತ್ತೆ ಇಳಿಸಿದ, ಈ ಸಲ ಬೆರಳುಗಳ ನಡುವೆ ಒಂದೊಂದೇ ಗೆರೆ ಬಿಡುತ್ತ. ಡ್ರೈವರ್ ಹೇಳಿದಲ್ಲಿ ಹಿಡಿದು ಓದಿದ. ಏಳು ಮೀಟರು. ಮೂರನೆಯ ಸಲವೂ ಅದೇ. ಎಚ್ಚರಿಕೆಯ ಗೆರೆಯನ್ನು ನೀರು ಯಾವಾಗಲೋ ದಾಟಿ ಬಂದಾಗಿತ್ತು. ಶಿಶುಮನೆಯ ನೆಲಕ್ಕೆ ಒಂದೇ ಮೀಟರು ಉಳಿದಿತ್ತು. ಕೆಳಗೆ ಉಗ್ರಾಣದ ಮೆಟ್ಟಿಲ ಬಳಿ ಯಾರೋ ಒಬ್ಬಾಕೆ ಸೊಂಟದ ಮೇಲಿನ ಕೂಸನ್ನು ಇಳಿಸಿ ಒಳಗೆ ಕಳಿಸುತ್ತಿದ್ದಳು.

ಡ್ರೈವರ್ ಬುದ್ಧಿವಂತ; ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಫೋನು ಹಚ್ಚಿ ಮೇಡಂಗೆ ಅಂಕಿ ತಿಳಿಸಿದವನೂ ಅವನೇ. ಅವರು ಕೂಡಲೆ ಹೊರಟಿದ್ದಾರೆಂದು ಹೇಳಿ, ಫೋನು ಜೇಬಿಗಿಟ್ಟು, ಬೈರಿಗೆಯ ಎದುರಿಗೆ ಬಂದು ಮುಖಕ್ಕೆ ಮುಖ ಕೊಟ್ಟು ನಿಂತ. ಈ ತಿಂಗಳೇ ಏರಿತು ಅಂತ ಅಂದುಬಿಡಿ, ಹೇಗೂ ಮಕ್ಕಳನ್ನ ಹೊರಗೆ ಕರ್ಕೋತಾರೆ, ನಿಮ್ಮ ಮರ್ಯಾದೆಯೂ ಉಳಿಯುತ್ತೆ, ನಾನಂತೂ ಬಾಯಿ ಬಿಡಲ್ಲ ಎಂದ. ಅದರಲ್ಲಿ ತಮಾಷೆಯಿರಲಿಲ್ಲ. ಬೈರಿಗೆ ಬೇಡವೆನ್ನಲಿಲ್ಲ.

ಮೇಡಂ ಬಂದರು. ಏದುಸಿರು ಬಿಡುತ್ತಲೇ ಅಂಕಿಯನ್ನು ತಾವೇ ಮತ್ತೊಮ್ಮೆ ನೋಡಿದರು.

"ಒಂದೇ ತಿಂಗಳಲ್ಲಿ ಏಳು ಮೀಟರಾ ಯಜಮಾನ್ರೇ?"

ಅವನು ತಲೆಯಾಡಿಸಿದ. ಹೌದೆಂದೂ ಅಲ್ಲವೆಂದೂ ತಿಳಿಯಬಹುದಾದಂತೆ ಆಡಿಸಿದ. ಮೇಡಂ ಆಗಲೇ ಫೋನು ತೆಗೆದಿದ್ದರು. ಒಂದೇ ತಿಂಗಳಲ್ಲಿ ಇಷ್ಟು ಏರಿದ್ದರೆ ದಿಬ್ಬದ ಒಳಗೆ ಏನೋ ಒಡೆದಿದೆ, ಶಿಶುಮನೆಯೊಂದೇ ಅಲ್ಲ, ಕೆಳಗಿನ ಅಷ್ಟೂ ಬೀದಿಗಳನ್ನು ಸಂಜೆಯೊಳಗೆ ತೆರವು ಮಾಡಿಸಬೇಕು, ಅಲ್ಲಿನ ಆಸ್ಪತ್ರೆಯ ಒಳರೋಗಿಗಳನ್ನೂ ಬೇರೆಡೆಗೆ ಸಾಗಿಸಬೇಕು ಎಂದು ಅವರು ಯಾರಿಗೋ ಹೇಳುತ್ತಿದ್ದುದನ್ನು ಅವನು ಅವರ ತುಟಿಗಳ ಮೇಲೆ ಓದಿದ. ತಾನು ಉಳಿಸಿಕೊಳ್ಳಹೊರಟ ಮರ್ಯಾದೆ ಹಾಸಿಗೆಯಿಂದೇಳಲಾರದ ರೋಗಿಗಳನ್ನು ಬೀದಿಗೆ ತರುವುದನ್ನು ಅವನು ಕಣ್ಣೆದುರಿಗೇ ಕಂಡ.

"ಒಂದು ತಿಂಗಳಲ್ಲಲ್ಲ ಮೇಡಂ," ಎಂದ. ತನ್ನ ದನಿ ಎಷ್ಟು ಎತ್ತರವಾಗಿದೆಯೆಂದು ಅವನಿಗೆ ಅಂದಾಜಿರಲಿಲ್ಲ. ಡ್ರೈವರ್ ತಲೆ ತಗ್ಗಿಸಿದ್ದರಿಂದ ಜೋರಾಗಿಯೇ ಇದ್ದಿರಬೇಕು. "ಮೊದಲಿಂದ್ಲೂ ಏರ್ತಾನೇ ಇತ್ತು. ನಂಗೆ ಕೂಗು ಕೇಳಿಸ್ತಿರಲಿಲ್ಲ. ಕೇಳಿಸ್ತಿದೆ ಅಂದ್ಕೊಂಡು ಬರೀತಿದ್ದೆ."

ಅವರು ಫೋನನ್ನು ಕೆಳಗಿಳಿಸಿದರು. ಬೈಗುಳ ಬರುತ್ತದೆಂದು ಅವನು ಕಾದ. ಬರಲಿಲ್ಲ. ತಾವು ನಕ್ಷೆಯಲ್ಲಿ ಎಳೆದ ಬಂಡೆಯ ಗೋಡೆ, ಬದಲಿಸಿದ ಮೀಟರು, ಗದರಿಸಿದ ಪ್ರಯೋಗಾಲಯದವರು ಎಲ್ಲ ಒಟ್ಟಿಗೆ ನೆನಪಾದವರಂತೆ ಅವರು ದಿಬ್ಬದ ಹುಲ್ಲನ್ನೇ ನೋಡುತ್ತ ನಿಂತರು. ಮತ್ತೆ ಇವನತ್ತ ತಿರುಗಿ, ತುಟಿ ಬಿಡಿಸಿ ಬಿಡಿಸಿ ಕೇಳಿದರು:

"ಯಾವಾಗಿಂದ?"

ಕಿವಿ ಒಂದು ದಿನ ನೋಡಿ ಹೋಗುವುದಿಲ್ಲ. ಯಾವ ತಿಂಗಳವರೆಗೆ ಅವನು ನಿಜವಾದ ಕೂಗು ಕೇಳಿದ್ದ, ಯಾವ ತಿಂಗಳಿಂದ ಜೀರುಂಡೆಯ ಮಾತು ನಂಬಿದ್ದ ಎಂಬುದನ್ನು ಇನ್ನು ಯಾರೂ ಕಂಡುಹಿಡಿಯಲಾರರು. ಅದು ತಿಳಿಯದಿದ್ದರೆ ನೀರು ಏರುವ ವೇಗ ತಿಳಿಯುವುದಿಲ್ಲ. ವೇಗ ತಿಳಿಯದಿದ್ದರೆ ಉಳಿದ ಒಂದು ಮೀಟರಿಗೆ ಇನ್ನೆಷ್ಟು ಕಾಲವೆಂದು ಹೇಳಲು ಬರುವುದಿಲ್ಲ. ಗೊತ್ತಿಲ್ಲ ಮೇಡಂ ಎಂದ. ಅವರು ಹೆಚ್ಚು ಕೆದಕದೆ, ಕೆಳಬೀದಿಗಳ ತೆರವನ್ನು ತಡೆಹಿಡಿದು, ಪಂಪು ಹಾಕಲು ಹೇಳಿ, ತಗ್ಗು ಬೀದಿಗೆ ಎಚ್ಚರಿಕೆ ಕಳಿಸಿದರು. ಆ ಬಾವಿಯ ಬಳಿ ಡ್ರೈವರ್ ಇರಲಿ, ಸಂಜೆಯವರೆಗೆ ಅಳೆಯುತ್ತಲೇ ಇರಲಿ ಎಂದರು. ರಾಟೆಯನ್ನು ಬೈರಿಗೆಯ ಕೈಯಿಂದ ತೆಗೆದುಕೊಂಡು ಡ್ರೈವರನಿಗೆ ಕೊಟ್ಟಾಗ ಮಾತ್ರ ಅವರು ಅವನ ಮುಖ ನೋಡಲಿಲ್ಲ.

ಕಚೇರಿಯ ಜನ ತಲುಪುವ ಮೊದಲೇ ಅವನು ಇಳಿಜಾರಿನಲ್ಲಿ ಬಿರುಸಾಗಿ ಇಳಿದು ಶಿಶುಮನೆಗೆ ಹೋದ. ಹೇಳಬೇಕಾದ್ದನ್ನು ಬಾಗಿಲಲ್ಲೇ ಹೇಳಿದ. ಮಗಳು ತೊಡೆಯ ಮೇಲಿದ್ದ ಕೂಸಿಗೆ ಕಾಲುಚೀಲ ಹಾಕುತ್ತಿದ್ದಳು. ಪೂರ್ತಿ ಹಾಕಿ ಮುಗಿಸಿ, ಕೂಸನ್ನು ಚಾಪೆಯ ಮೇಲೆ ಬಿಟ್ಟು ಎದ್ದಳು.

"ಗೋಡೆ ಒದ್ದೆ ಅಂತ ನಾನು ಬಾಯಿ ಬಡ್ಕೊಂಡೆ ಅಪ್ಪ. ಅದೂ ಕೇಳಿಸ್ಲಿಲ್ವಾ ನಿಂಗೆ?"

"ಅದು ಕೇಳಿಸ್ತು," ಎಂದ ಬೈರಿಗೆ.

ಅವಳಿಗೆ ಹೆಚ್ಚು ನೋವಾದದ್ದು ಆ ಉತ್ತರದಿಂದಲೇ ಇರಬೇಕು. ಹಾಸಿಗೆಗಳನ್ನು ಗೋಡೆಯಿಂದ ಎಳೆಯತೊಡಗಿದಳು. ಅವನೂ ಎಳೆದ. ಗೋಡೆಗೆ ಒತ್ತಿದ್ದ ಬದಿಯಲ್ಲಿ ಹಾಸಿಗೆಗಳ ಬಟ್ಟೆಗೆ ತುಕ್ಕಿನ ಬಣ್ಣ ಹಿಡಿದಿತ್ತು. ಸುದ್ದಿ ಹೇಗೋ ಹರಡಿ ತಾಯಂದಿರು ಕೆಲಸ ಬಿಟ್ಟು ಓಡೋಡಿ ಬಂದರು; ಮಕ್ಕಳನ್ನು ಬಾಚಿಕೊಂಡರು. ನೀರು ಯಾವಾಗ ಬರುತ್ತೆ, ಇವತ್ತೋ ನಾಳೆಯೋ, ವಾರವೋ ಎಂದು ಅವರಲ್ಲಿ ಒಬ್ಬಾಕೆ ಅವನನ್ನೇ ಕೇಳಿದಳು. ಆ ಬೀದಿಯಲ್ಲಿ ನೀರಿನ ಸಂಗತಿ ಕೇಳಬೇಕಾದದ್ದು ಇವನನ್ನೇ ಎಂಬುದು ಎಲ್ಲರಿಗೂ ಗೊತ್ತಿತ್ತಲ್ಲ. ಅವನು ಬಾಗಿ ಇನ್ನೊಂದು ಹಾಸಿಗೆಯನ್ನು ಹಿಡಿದ. ಆಕೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಸಂಜೆಯ ಹೊತ್ತಿಗೆ ಹಜಾರ ಬರಿದಾಯಿತು. ಕೆಲವು ಗಂಟೆಗಳಿಂದ ದಿಬ್ಬದ ಮೇಲೆ ಪಂಪು ಓಡುತ್ತಿತ್ತು. ಓಡುತ್ತಿದೆಯೆಂದು ಮಗಳು ಹೇಳಿದ್ದರಿಂದ ಅವನಿಗೆ ತಿಳಿಯಿತು. ಇಬ್ಬರೂ ಕೆಳಗಿನ ಮೆಟ್ಟಿಲ ಮೇಲೆ, ನಡುವೆ ಒಂದಿಷ್ಟು ಜಾಗ ಬಿಟ್ಟು ಕುಳಿತಿದ್ದರು. ಬಾವಿಯ ಬಳಿಯಿಂದ ಡ್ರೈವರ್ ಫೋನು ಮಾಡಿದಾಗ ಮಗಳು ಕೇಳಿಸಿಕೊಂಡು, ಅಪ್ಪನ ಕಡೆ ಪೂರ್ತಿ ತಿರುಗಿ, ತುಟಿ ಕಾಣುವಂತೆ ಹೇಳಿದಳು.

"ಏಳೇ ಅಂತೆ. ಏರಿಲ್ಲ, ಇಳಿದಿಲ್ಲ. ಬೆಳಿಗ್ಗೆ ಇದ್ದ ಹಾಗೇ ಇದೆಯಂತೆ."

ಕದಲದ ಅಂಕಿ. ಬೈರಿಗೆಯ ಹದಿನಾಲ್ಕೂ ಹೀಗೆಯೇ ಕದಲದೆ ನಿಂತಿತ್ತು.

"ಇನ್ನೊಂದ್ಸಲ ಇಳಿಸೋಕೆ ಹೇಳು," ಎಂದ. "ಹಿಂದಿನ ಅಂಕಿ ಮರೆತುಬಿಟ್ಟು, ಮೇಲಿಂದ ನಿಧಾನಕ್ಕೆ ಇಳಿಸೋಕೆ ಹೇಳು."

ಮಗಳು ಫೋನಿನಲ್ಲಿ ಹಾಗೆಯೇ ಹೇಳಿದಳು. ಇಬ್ಬರೂ ಕಾದರು.